ಬೆಣ್ಣೆ ದೋಸೆಗೆ ಬೆಣ್ಣೆಯೇ ಇರಲಿ

ಮಾನ್ಯ ಸಂಪಾದಕರೇ,

‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಬೋರ್ಡು ಈಗ ಹೆದ್ದಾರಿಯುದ್ದಕ್ಕೂ ಇದೆ. ಹೆಸರು ನಮ್ಮೂರಿನದು, ಆದರೆ ಕೆಲವು ಕಡೆ ಕಾವಲಿಗೆ ಬೀಳುವುದು ವನಸ್ಪತಿ, ಅಂದರೆ ಡಾಲ್ಡಾದಂಥ ಗಟ್ಟಿ ಎಣ್ಣೆ. ಮನೆಮಂದಿಯೆಲ್ಲ ಸೇರಿ ಸೌದೆ ಒಲೆ ಮುಂದೆ ನಿಂತು ನಡೆಸುವ ಊರೊಳಗಿನ ಸಣ್ಣ ಹೋಟೆಲುಗಳಿಗೆ ಇದರಿಂದ ಅನ್ಯಾಯವಾಗುತ್ತಿದೆ.

ಈ ದೋಸೆಯ ಗುಟ್ಟು ಬೆಣ್ಣೆಯೊಂದರಲ್ಲೇ ಇಲ್ಲ, ಹಿಟ್ಟಿನಲ್ಲೂ ಇದೆ. 4 ಪಾವು ದೋಸೆ ಅಕ್ಕಿಗೆ ಮುಕ್ಕಾಲು ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ ಹಾಕಿ 4-5 ತಾಸು ನೆನೆಸಬೇಕು. ರುಬ್ಬುವಾಗ ಒಂದು ಪಾವು ಮಂಡಕ್ಕಿಯನ್ನು ನೀರಲ್ಲಿ ಅದ್ದಿ, ಹಿಂಡಿ ಸೇರಿಸಬೇಕು. ದೋಸೆಯ ಒಳಗೆ ಮೆತ್ತಗಿದ್ದು ಮೇಲೆ ಗರಿಯಾಗುವುದು ಈ ಮಂಡಕ್ಕಿಯಿಂದಲೇ. ಅಳತೆ ಮೀರಿದರೆ ಹಿಟ್ಟು ಅಂಟಂಟಾಗಿ ಕಾವಲಿ ಬಿಡುವುದಿಲ್ಲ. ಇನ್ನೊಂದು ಮಾತು: ಮಂಡಕ್ಕಿ ಮಾಡುವ ಭಟ್ಟಿಯಲ್ಲಿ ಅಕ್ಕಿಗೆ ಉಪ್ಪುನೀರು ಹಿಡಿಸಿ, ಆಮೇಲೆ ಕಾದ ಮರಳಿನಲ್ಲಿ ಹುರಿಯುತ್ತಾರೆ. ಹಾಗಾಗಿ ಮಂಡಕ್ಕಿಯಲ್ಲೇ ಉಪ್ಪಿರುತ್ತದೆ. ಹಿಟ್ಟಿಗೆ ಉಪ್ಪು ಹಾಕುವಾಗ ಕೈ ಬಿಗಿ ಇರಲಿ. ಹುಳಿ ಬರಲು ರಾತ್ರಿಯಿಡೀ ಬಿಡಬೇಕು. ಬೇಸಿಗೆಯಲ್ಲಿ 6 ತಾಸು ಸಾಕು, ಜಾಸ್ತಿಯಾದರೆ ಹುಳಿ ವಾಸನೆ ಬೆಣ್ಣೆಯ ಘಮವನ್ನೇ ನುಂಗುತ್ತದೆ.

ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಲ್ಲಿ ಸವರಿ, ಅಂಗೈಗಿಂತ ಸ್ವಲ್ಪ ದೊಡ್ಡದಾಗಿ, ದಪ್ಪಗೆ ಹುಯ್ಯಬೇಕು. ಸೌದೆ ಒಲೆಯಲ್ಲಿ ನಡುವೆ ಉರಿ ಜೋರು, ಅಂಚಿನಲ್ಲಿ ಕಡಿಮೆ. ಕೊಳ್ಳಿ ಹಿಂದೆ ಮುಂದೆ ಸರಿಸುತ್ತ ಕಾವು ಹಿಡಿದಿಡುವುದೇ ಭಟ್ಟರ ಕೈಚಳಕ. ಬೆಣ್ಣೆ ಬಿದ್ದೊಡನೆ ಅದರೊಳಗಿನ ನೀರು ಚಿಟಪಟ ಎಂದು ಆರುತ್ತದೆ, ಉಳಿದ ಹಾಲಿನ ಅಂಶ ಕೆಂಪಗೆ ಹುರಿದು ಘಮ್ಮೆನ್ನುತ್ತದೆ. ವನಸ್ಪತಿಯಲ್ಲಿ ಆ ಹಾಲಿನ ಅಂಶವೇ ಇಲ್ಲ. ಬಣ್ಣ ಬಂದರೂ ಆ ಘಮ ಬರದು. ದೋಸೆ ತಣ್ಣಗಾದ ಮೇಲೆ ಜಿಡ್ಡು ಅಂಗುಳಕ್ಕೆ ಮೇಣದಂತೆ ಮೆತ್ತಿಕೊಂಡರೆ ಅನುಮಾನಪಡಿ.

ಜೊತೆಗೆ ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ಖಾರದ ತೆಳು ಕಾಯಿಚಟ್ನಿ. ಸಾಂಬಾರು ಕೇಳಬೇಡಿ. ಪಾರ್ಸಲ್ ಕೂಡ ಬೇಡ, ಪೊಟ್ಟಣದೊಳಗಿನ ಹಬೆಗೆ 10 ನಿಮಿಷದಲ್ಲಿ ಗರಿ ಹೋಗಿ ದೋಸೆ ಒದ್ದೆ ಬಟ್ಟೆಯಾಗುತ್ತದೆ.

ಭದ್ರಾ ನಾಲೆಯ ಭತ್ತ, ಊರ ಭಟ್ಟಿಯ ಮಂಡಕ್ಕಿ, ಸುತ್ತಲ ಹಳ್ಳಿಗಳ ಬೆಣ್ಣೆ, ಹೊಸದುರ್ಗದ ಕಡೆಯ ತೆಂಗು: ಒಂದು ತಟ್ಟೆ ದೋಸೆಯಲ್ಲಿ ಇಷ್ಟು ಜನರ ದುಡಿಮೆಯಿದೆ. ಬೆಣ್ಣೆಯ ಬೆಲೆ ಏರಿದಾಗ ದೋಸೆಗೆ ಐದು ರೂಪಾಯಿ ಹೆಚ್ಚು ಕೇಳಿದರೆ ಗಿರಾಕಿಗಳು ಗೊಣಗದೆ ಕೊಡಲಿ. ಬೋರ್ಡಿನಲ್ಲಿ ‘ಬೆಣ್ಣೆ’ ಎಂದು ಬರೆಸಿದವರು ಯಾವ ಜಿಡ್ಡು ಬಳಸುತ್ತೇವೆಂದು ದರಪಟ್ಟಿಯಲ್ಲೂ ಬರೆಸಲಿ. ಆಹಾರ ಸುರಕ್ಷತಾ ಅಧಿಕಾರಿಗಳು ಕಾವಲಿಯ ಪಕ್ಕದ ಡಬ್ಬಿಯಿಂದಲೇ ಮಾದರಿ ತೆಗೆದು ಪರೀಕ್ಷೆಗೆ ಕಳಿಸಲಿ.

– ದೋಸೆ ಕೆಲಸ ಬಲ್ಲ ಓದುಗರು, ದಾವಣಗೆರೆ