ಸ್ಲ್ಯಾಬಿಗೆ ಸವಳು ನೀರು ಬೇಡ

ಮಸ್ಕತ್

ತೀರ್ಥರೂಪ ಅಪ್ಪಾಜಿಯವರಿಗೆ ಬಸವರಾಜನ ಶಿರಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ. ಅವ್ವನಿಗೂ ಕಾಕಾನಿಗೂ ನಮಸ್ಕಾರ ತಿಳಿಸಿರಿ.

ನಿಮ್ಮ ಪತ್ರ ತಲುಪಿತು. ನಳದ ನೀರು ಸರಿಯಾಗಿ ಬರುತ್ತಿಲ್ಲವೆಂದೂ, ಗೀತಾಳ ಲಗ್ನದೊಳಗೆ ಸ್ಲ್ಯಾಬ್ ಮುಗಿಯಬೇಕಾದ್ದರಿಂದ ಹಿತ್ತಲಿನ ಬೋರಿನ ನೀರಿನಲ್ಲಿಯೇ ಕಾಂಕ್ರೀಟ್ ಕಲಸೋಣವೆಂದು ಗೌಂಡಿ ಹೇಳುತ್ತಿದ್ದಾನೆಂದೂ ಓದಿದಾಗಿನಿಂದ ನನಗೆ ಅದೊಂದೇ ಚಿಂತೆ. ಬೇಳೆ ಬೇಯದ, ಬಾಯಿಗಿಟ್ಟರೆ ಉಪ್ಪೆನಿಸುವ ಆ ನೀರನ್ನು ದಯವಿಟ್ಟು ಬಳಸಲು ಬಿಡಬೇಡಿರಿ.

ಪಕ್ಕದ ಮನೆಯ ಸ್ಲ್ಯಾಬ್ ಅದೇ ನೀರಿನಲ್ಲಿ ಬೇಗ ಗಟ್ಟಿಯಾಯಿತೆಂದು ಅವನು ಹೇಳುವುದು ಸುಳ್ಳಲ್ಲ. ಉಪ್ಪಿನ ನೀರಿನಲ್ಲಿ ಸಿಮೆಂಟ್ ಬೇಗ ಬಿಗಿಯುತ್ತದೆ, ಮೊದಲ ಕೆಲವು ದಿನ ಬಲವೂ ಹೆಚ್ಚಾಗಿ ಕಾಣುತ್ತದೆ. ಆದರೆ 28 ದಿನ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಸಿಹಿನೀರಿನ ಕಾಂಕ್ರೀಟೇ ಮೇಲಾಗಿರುತ್ತದೆ. ಅದಕ್ಕಿಂತ ದೊಡ್ಡ ಕೇಡು ಒಳಗಿನ ಕಬ್ಬಿಣಕ್ಕೆ. ನೀರಿನಲ್ಲಿರುವ ಉಪ್ಪಿನ ಅಂಶವಾದ ಕ್ಲೋರೈಡಿನಿಂದ ಸರಳುಗಳು ತುಕ್ಕು ಹಿಡಿದು ಉಬ್ಬುತ್ತವೆ, ಉಬ್ಬಿದಂತೆ ಕಾಂಕ್ರೀಟನ್ನು ಸೀಳುತ್ತವೆ, ವರ್ಷಗಳು ಕಳೆದ ಮೇಲೆ ಚಕ್ಕೆಗಳು ತಲೆಯ ಮೇಲೆ ಉದುರತೊಡಗುತ್ತವೆ. ಆದ್ದರಿಂದಲೇ ನಮ್ಮ ದೇಶದ ಐಎಸ್ 456 ಮಾನಕವು ಕಬ್ಬಿಣವಿಲ್ಲದ ಕಾಂಕ್ರೀಟಿನ ನೀರಿನಲ್ಲಿ ಲೀಟರಿಗೆ 2000 ಮಿಲಿಗ್ರಾಂವರೆಗೆ ಕ್ಲೋರೈಡನ್ನು ಒಪ್ಪಿದರೂ, ಕಬ್ಬಿಣ ಹಾಕಿದ್ದಕ್ಕೆ 500 ದಾಟಕೂಡದೆನ್ನುತ್ತದೆ.

ಇಲ್ಲಿ ಸಮುದ್ರ ಕಣ್ಣೆದುರಿಗೇ ಇದೆ, ಆದರೆ ನಮ್ಮ ಕಾಂಕ್ರೀಟ್ ಪ್ಲಾಂಟಿನಲ್ಲಿ ಅದರ ಒಂದು ತೊಟ್ಟನ್ನೂ ಬಳಸುವುದಿಲ್ಲ. ಉಪ್ಪು ತೆಗೆದ ನೀರನ್ನೇ ತರಿಸುತ್ತೇವೆ. ಬೇಸಿಗೆಯಲ್ಲಿ ಕಾಂಕ್ರೀಟ್ ಕಾಯದಿರಲೆಂದು ಮಿಕ್ಸರಿಗೆ ಮಂಜುಗಡ್ಡೆ ಸುರಿಯುತ್ತೇವೆಂದರೆ ಅವ್ವ ನಂಬಲಿಕ್ಕಿಲ್ಲ, ಆ ಮಂಜುಗಡ್ಡೆಯೂ ಸಿಹಿನೀರಿನದೇ. ಹೊಸ ನೀರು ಬಂದರೆ ಅದರಲ್ಲೊಂದಿಷ್ಟು, ಶುದ್ಧ ನೀರಿನಲ್ಲೊಂದಿಷ್ಟು ಕಾಂಕ್ರೀಟ್ ಕಲಸಿ, ಕ್ಯೂಬ್ ಎನ್ನುವ ಚೌಕ ಗಟ್ಟಿಗಳನ್ನು ಎರಕ ಹಾಕಿ ಯಂತ್ರದಲ್ಲಿ ಒಡೆದು ನೋಡುತ್ತೇವೆ. ಹೊಸ ನೀರಿನ ಕ್ಯೂಬಿಗೆ ಶುದ್ಧ ನೀರಿನ ಕ್ಯೂಬಿನ ಬಲದಲ್ಲಿ ಶೇ. 90ರಷ್ಟಾದರೂ ಬರಲೇಬೇಕು, ಐಎಸ್ 456 ಹೇಳುವುದೂ ಇದನ್ನೇ.

ಖರ್ಚಿಗೆ ಹೆದರಬೇಡಿರಿ. ಒಂದು ಚೀಲ ಸಿಮೆಂಟಿಗೆ ಬೇಕಾಗುವುದು 25ರಿಂದ 27 ಲೀಟರ್ ನೀರು, ಅದರಲ್ಲಿ ಹಸಿ ಉಸುಕಿನೊಳಗಿನ ನೀರೂ ಸೇರಿತು. ನೂರು ಚೀಲವೆಂದರೂ 2700 ಲೀಟರ್ ಆಯಿತು, ಒಂದು ದೊಡ್ಡ ಟ್ಯಾಂಕರ್ ಹೊಳೆ ನೀರಿನಲ್ಲಿ ಸ್ಲ್ಯಾಬ್ ಮುಗಿದು ಇನ್ನೂ ಉಳಿಯುತ್ತದೆ. ಆಮೇಲೆ ಹತ್ತು ದಿನವಾದರೂ ಮೇಲೆ ನಿಲ್ಲಿಸುವ ನೀರು ಕೂಡ ಸವಳಾಗಿರಬಾರದು, ಅದಕ್ಕೆ ಬೇರೆ ಟ್ಯಾಂಕರ್ ತರಿಸಿರಿ. ಪಾಚಿಗಟ್ಟಿದ ಕೆರೆಯ ನೀರೂ ಬೇಡ, ಅದರಿಂದ ಕಾಂಕ್ರೀಟಿನಲ್ಲಿ ಗಾಳಿಗುಳ್ಳೆ ಸೇರಿ ಬಲ ಕುಗ್ಗುತ್ತದೆ. ಬೆಲ್ಲ ತುಂಬಿಟ್ಟಿದ್ದ ಬ್ಯಾರಲ್‌ಗಳನ್ನು ಚೆನ್ನಾಗಿ ತೊಳೆಯದೆ ನೀರು ತುಂಬಿಸಬೇಡಿರಿ. ಅಜ್ಜನ ಕಾಲದಲ್ಲಿ ಸುಣ್ಣದ ಗಾರೆಗೆ ಬೆಲ್ಲ ಹಾಕುತ್ತಿದ್ದರು ನಿಜ, ಸಿಮೆಂಟಿಗೆ ಮಾತ್ರ ಸ್ವಲ್ಪ ಸಕ್ಕರೆಯಂಶ ಸೇರಿದರೂ ತಾಸುಗಟ್ಟಲೆ ಬಿಗಿಯುವುದಿಲ್ಲ.

ಬುನಾದಿ, ಕಂಬಗಳೆಲ್ಲ ನಳದ ನೀರಿನಲ್ಲಿಯೇ ಆಗಿವೆ, ಅವುಗಳ ಬಗ್ಗೆ ಎಳ್ಳಷ್ಟೂ ಭಯ ಬೇಡ. ಟ್ಯಾಂಕರಿನ ಹಣ ಈ ಪಗಾರದಲ್ಲಿಯೇ ಕಳಿಸುತ್ತೇನೆ, ನನಗೇನೂ ತೊಂದರೆಯಿಲ್ಲ, ಲಗ್ನದ ಹಣ ಮುಟ್ಟಬೇಡಿರಿ. ಲಗ್ನ ನಿಶ್ಚಯಿಸಿದ ದಿನವೇ ಆಗುತ್ತದೆ. ಗೌಂಡಿಗೆ ಈ ಪತ್ರ ಓದಿಸಿರಿ, ಒಪ್ಪದಿದ್ದರೆ ಸ್ಲ್ಯಾಬ್ ಎರಡು ದಿನ ತಡೆದು ನನಗೆ ಫೋನ್ ಮಾಡಿಸಿರಿ.

ಪಾಳಿಯ ಗಾಡಿ ಬಂದಿದೆ, ಇಲ್ಲಿಗೆ ಮುಗಿಸುತ್ತೇನೆ.

ಇಂತಿ ನಿಮ್ಮ ಮಗ,
ಬಸವರಾಜ