ಸಮುದ್ರದ ತಳದ ಸುದ್ದಿ ನಮಗೂ ಮುಟ್ಟಲಿ

ಸಂಪಾದಕರಿಗೆ ನಮಸ್ಕಾರ,

ಹೋದ ಬ್ಯಾಸಗಿಯಾಗ ಹೊಲದಾಗ ಬೋರ್ ಹಾಕ್ಸಿದ್ವಿ, ಪುಡಿ ಬಣ್ಣ ಬದಲಾದಂಗೆಲ್ಲ ನನ್ನ ಮಗಳು ಮುಷ್ಟಿ ಮುಷ್ಟಿ ತಗೊಂಡು ಬದುವಿನ ಮ್ಯಾಲೆ ಸಾಲಾಗಿ ಗುಡ್ಡಿ ಹಾಕಿದ್ಲು, ಕೆಂಪು, ಬೂದಿ, ಆಮೇಲೆ ಕರೀದು. ವಿಜ್ಞಾನಿಗಳು ಸಮುದ್ರದ ತಳದಾಗ ಮಾಡೋದೂ ಹೆಚ್ಚುಕಮ್ಮಿ ಇದೇ ಕೆಲಸ, ಆದ್ರ ಅಲ್ಲಿ ಮಣ್ಣು ಪದರ ಕೆಡದಂಗ ಪೈಪಿನಾಗ ಇದ್ದಂಗೇ ಮ್ಯಾಲೆ ಬರ್ತೈತಿ, ಒಂದೊಂದು ಸಲಕ್ಕ ಸುಮಾರು 9.5 ಮೀಟರ್, ಅದನ್ನ ಉದ್ದಕ್ಕ ಸೀಳಿ ಅರ್ಧ ಪರೀಕ್ಷೆಗೆ ಇಟ್ಕೊಂಡು ಇನ್ನರ್ಧ ಕಾಯ್ದಿಡ್ತಾರ. 2014ರ ಕೊನಿಗೆ ಸಮುದ್ರದ ತಳ ಕೊರೆಯೋ ಜಾಯ್ಡಿಸ್ ರೆಸಲ್ಯೂಷನ್ ಅನ್ನೋ ಸಂಶೋಧನಾ ಹಡಗು ಬಂಗಾಳ ಕೊಲ್ಲಿಗೆ ಬಂದದ್ದೇ ನಮ್ಮ ಮುಂಗಾರಿನ ಲಕ್ಷಾಂತರ ವರ್ಷದ ಇತಿಹಾಸ ಆ ಮಣ್ಣಿನ ಪದರದಾಗ ಹುಡುಕಾಕ, 2015ರಾಗ ಅರಬ್ಬಿ ಸಮುದ್ರದಾಗೂ ಕೊರದ್ರು, ನಮ್ಮ ದೇಶದ ವಿಜ್ಞಾನಿಗಳೂ ಹಡಗಿನಾಗ ಇದ್ರು. ಮಳಿ ನಂಬಿ ಬದುಕೋ ಕೊಪ್ಪಳ ಜಿಲ್ಲೆ ಮಂದಿಗೆ ಇದಕ್ಕಿಂತ ಹತ್ತಿರದ ವಿಷಯ ಯಾವುದೈತಿ ಹೇಳ್ರಿ? ಅಲ್ಲಿ ಸಿಕ್ಕ ಡೇಟಾ ಒಂದು ವರ್ಷ ಆದ ಮ್ಯಾಲೆ ಎಲ್ಲರಿಗೂ ಓಪನ್ ಮಾಡ್ತಾರ, ಅದು ಭಾಳ ಚಲೋ, ಆದ್ರ ಇರೋದೆಲ್ಲ ಇಂಗ್ಲಿಷಿನಾಗ. ಆ ಹಡಗಿನಿಂದ ಶಾಲೆಗಳಿಗೆ ವಿಡಿಯೋ ಕಾಲ್ ಮಾಡಿ ಮಕ್ಕಳ ಜೊತಿ ಮಾತಾಡ್ತಿದ್ರು, ಅಂಥದ್ದನ್ನ ಗೋವಾದ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದವರು ನಮ್ಮ ಸರ್ಕಾರಿ ಶಾಲೆಗಳಿಗೂ ಕನ್ನಡದಾಗ ಮಾಡ್ಲಿ, ನೀವೂ ಪೇಪರಿನಾಗ ವಾರಕ್ಕೊಮ್ಮೆ ಸ್ವಲ್ಪ ಜಾಗ ಕೊಡ್ರಿ.

– ಒಬ್ಬ ರೈತ, ಕುಷ್ಟಗಿ