ರೆಸ್ಟೊರೆಂಟ್ ಟೇಬಲ್ ಇನ್ನು ನಿಮ್ಮದೇ ಖಾತೆಯಲ್ಲಿ

ಆತ್ಮೀಯ ಗ್ರಾಹಕರೇ,

ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ನಮ್ಮ ಮೂಲಕ ಹೋಗುವವರಿಗೆ ಅಲ್ಲಿನ ರೆಸ್ಟೊರೆಂಟ್ ಟೇಬಲ್‌ಗಳನ್ನು ಇದುವರೆಗೆ ನಮ್ಮ ಖಾತೆಯಲ್ಲಿ, ನಮ್ಮ ಕಾರ್ಡ್ ಕೊಟ್ಟು ಬುಕ್ ಮಾಡುತ್ತಿದ್ದೆವು. ಇನ್ನು ಅವು ಡಿಸ್ನಿಯ ಆ್ಯಪ್ ಆದ ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್‌ನ ನಿಮ್ಮದೇ ಖಾತೆಯಲ್ಲಿ, ನಿಮ್ಮ ಕ್ರೆಡಿಟ್ ಕಾರ್ಡ್ ಮೇಲೆ ಇರುತ್ತವೆ.

ಇದಕ್ಕೆ ಕಾರಣ ಗಡಿಯಾರ. ಮೊದಲು ಟೇಬಲ್ ಬೇಡವೆಂದರೆ ಹಿಂದಿನ ದಿನವೇ ತಿಳಿಸಬೇಕಿತ್ತು. ಈಗ ಬಹುತೇಕ ಟೇಬಲ್ ಸರ್ವಿಸ್ (ಕೂತಲ್ಲಿಗೇ ತಂದು ಬಡಿಸುವ) ರೆಸ್ಟೊರೆಂಟ್‌ಗಳಲ್ಲಿ 2 ಗಂಟೆ ಮುಂಚೆ ರದ್ದು ಮಾಡಿದರೂ ಸಾಕು. ನಿಮಗೆ ಇದು ಒಳ್ಳೆಯದೇ. ಆದರೆ ಸಂಜೆ 6ಕ್ಕೆ ಟೇಬಲ್ ಇದ್ದು, ಅಲ್ಲಿನ ಮಧ್ಯಾಹ್ನ 3ಕ್ಕೆ ಮಗುವಿಗೆ ಮೈ ಬಿಸಿಯಾದರೆ ಇಲ್ಲಿ ಆಗ ರಾತ್ರಿ 12.30, ಅಲ್ಲಿನ ಚಳಿಗಾಲದ ಸಮಯದಲ್ಲಾದರೆ 1.30. ಅಲ್ಲಿನ ಸಂಜೆ 4ರೊಳಗೆ ರದ್ದಾಗದಿದ್ದರೆ ತಲೆಗೆ 10 ಡಾಲರ್. ಆರು ಜನರ ಟೇಬಲ್ ಎಂದರೆ 60 ಡಾಲರ್, ಅದರ ಮೇಲೆ ಬ್ಯಾಂಕಿನ ಫಾರೆಕ್ಸ್ ಶುಲ್ಕ. ನಮಗೆ ಫೋನ್ ಮಾಡಿ ಎಬ್ಬಿಸುವುದಕ್ಕಿಂತ ನೀವೇ ಆ್ಯಪ್ ತೆರೆದು, ನಿಮ್ಮ ಪ್ಲಾನ್‌ಗಳಲ್ಲಿ ಆ ಬುಕಿಂಗ್ ಹುಡುಕಿ ರದ್ದು ಮಾಡುವುದು ಒಂದೇ ನಿಮಿಷದ ಕೆಲಸ. ರದ್ದಾಯಿತೆಂಬ ಇ-ಮೇಲ್ ಬಂದ ಮೇಲೆಯೇ ಫೋನ್ ಒಳಗಿಡಿ.

ಎಲ್ಲ ಕಡೆಯೂ ಇದೇ ನಿಯಮವಲ್ಲ. ಗ್ರ್ಯಾಂಡ್ ಫ್ಲೊರಿಡಿಯನ್ ಹೋಟೆಲ್‌ನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ಸ್ ರೆಸ್ಟೊರೆಂಟ್‌ನಲ್ಲಿ ಶುಲ್ಕ ತಲೆಗೆ 100 ಡಾಲರ್. ಊಟದ ಜೊತೆ ಹಾಡು-ಕುಣಿತವಿರುವ ಹೂಪ್-ಡೀ-ಡೂ ಮ್ಯೂಸಿಕಲ್ ರೆವ್ಯೂಗೆ ಪೂರ್ತಿ ಹಣವನ್ನು ಮೊದಲೇ ಕಟ್ಟಿರುತ್ತೀರಿ. ಇಂಥವನ್ನು ಬುಕ್ ಮಾಡುವಾಗ ಕನ್‌ಫರ್ಮೇಶನ್ ಇ-ಮೇಲ್‌ನಲ್ಲಿರುವ ಗಡುವನ್ನು ನೋಡಿ ಕ್ಯಾಲೆಂಡರ್‌ಗೆ ಹಾಕಿಕೊಳ್ಳಿ.

ಬುಕಿಂಗ್ ಹೀಗೆ ಮಾಡೋಣ. 60 ದಿನ ಮುಂಚೆ ಅಲ್ಲಿನ ಬೆಳಗ್ಗೆ 6ಕ್ಕೆ ಟೇಬಲ್‌ಗಳು ತೆರೆಯುತ್ತವೆ. ನಮಗೆ ಅದು ಮಧ್ಯಾಹ್ನ 3.30 ಅಥವಾ 4.30. ಡಿಸ್ನಿಯ ಹೋಟೆಲ್‌ನಲ್ಲೇ ಉಳಿಯುವವರು ಚೆಕ್-ಇನ್‌ಗೆ 60 ದಿನ ಇರುವಾಗ ಒಟ್ಟಿಗೆ 10 ದಿನಗಳವರೆಗಿನ ಊಟ ಹಿಡಿಯಬಹುದು. ಆ ಹೊತ್ತಿಗೆ ನಾವು ವಿಡಿಯೊ ಕರೆಯಲ್ಲಿ ಇರುತ್ತೇವೆ. ಯಾವ ರೆಸ್ಟೊರೆಂಟ್ ಮೊದಲು ಒತ್ತಬೇಕು, ಸಿಗದಿದ್ದರೆ ಯಾವುದಕ್ಕೆ ಹೋಗಬೇಕು ಎಂದು ಹೇಳುತ್ತೇವೆ. ಕಾರ್ಡ್ ನಂಬರ್ ಮಾತ್ರ ನೀವೇ ತುಂಬಿ. ಪಾಸ್‌ವರ್ಡ್, ಒಟಿಪಿ ನಮಗೂ ಹೇಳಬೇಡಿ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಆಗಿದೆಯೇ ಎಂದು ಹಿಂದಿನ ದಿನವೇ ಬ್ಯಾಂಕ್ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಕಾರ್ಡ್ ನಿರಾಕರಣೆಯಾಗಿ ಮತ್ತೊಂದನ್ನು ಹುಡುಕುವಷ್ಟರಲ್ಲಿ ಟೇಬಲ್ ಬೇರೆಯವರ ಪಾಲಾಗಿರುತ್ತದೆ.

ದಂಡ ಬೀಳುವುದು ಮರೆತದ್ದಕ್ಕಿಂತ ಹೆಚ್ಚಾಗಿ ದಾರಿಯ ಲೆಕ್ಕ ತಪ್ಪಿದ್ದಕ್ಕೆ. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕ್‌ಗೆ ಕಾರಿನಲ್ಲಿ ಹೋದರೆ ಗೇಟಿನ ಮುಂದೆ ಇಳಿಯುವುದಿಲ್ಲ: ಟ್ರಾನ್ಸ್‌ಪೋರ್ಟೇಶನ್ ಆ್ಯಂಡ್ ಟಿಕೆಟ್ ಸೆಂಟರ್‌ನಲ್ಲಿ ನಿಲ್ಲಿಸಿ, ಅಲ್ಲಿಂದ ಮಾನೊರೈಲ್ ಇಲ್ಲವೇ ಫೆರ್ರಿ ಹಿಡಿಯಬೇಕು. ಒಂದು ಹೋಟೆಲ್‌ನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ನೇರ ಬಸ್ ಇಲ್ಲ. ನಡುವೆ ಯಾವುದಾದರೂ ಪಾರ್ಕ್‌ನಲ್ಲೋ ಅಂಗಡಿ-ಹೋಟೆಲ್‌ಗಳ ತಾಣವಾದ ಡಿಸ್ನಿ ಸ್ಪ್ರಿಂಗ್ಸ್‌ನಲ್ಲೋ ಬದಲಿಸಬೇಕು. ಬೇಸಿಗೆ ಮಧ್ಯಾಹ್ನದ ಗುಡುಗು-ಮಿಂಚಿಗೆ ಸ್ಕೈಲೈನರ್ ಕೇಬಲ್ ಕಾರ್ ನಿಂತುಬಿಡುತ್ತದೆ. ಆದ್ದರಿಂದ ಬೇರೆ ಹೋಟೆಲ್‌ನ ಊಟಕ್ಕೆ ಒಂದೂವರೆ ಗಂಟೆ ಮುಂಚೆ ಹೊರಡಿ. ಪಾರ್ಕ್ ಒಳಗಿನ ರೆಸ್ಟೊರೆಂಟ್‌ಗೆ ಬುಕಿಂಗ್ ಇದ್ದರೂ ಆ ದಿನದ ಪಾರ್ಕ್ ಟಿಕೆಟ್ ಬೇಕೇ ಬೇಕು.

2 ಗಂಟೆಯ ಗಡುವು ಮೀರಿದ್ದರೆ ಸುಮ್ಮನಿರಬೇಡಿ. ರೆಸ್ಟೊರೆಂಟ್ ಬಾಗಿಲಿಗೆ ಹೋಗಿಯೋ ಫೋನ್ ಮಾಡಿಯೋ ಕಾರಣ ಹೇಳಿ. ಶುಲ್ಕ ಬಿಡುವುದೂ ಉಂಟು, ಅದು ಅವರ ಮರ್ಜಿ. ಒಬ್ಬಿಬ್ಬರು ಮಾತ್ರ ಬರುತ್ತಿಲ್ಲವಾದರೆ ಇಡೀ ಟೇಬಲ್ ಬಿಡದೆ, ಗಡುವಿನೊಳಗೆ ಜನರ ಸಂಖ್ಯೆ ಕಡಿಮೆ ಮಾಡಲು ನೋಡಿ.

ದಯವಿಟ್ಟು, 'ಇರಲಿ' ಎಂದು ಹೆಚ್ಚುವರಿ ಟೇಬಲ್ ಹಿಡಿದಿಡಬೇಡಿ. ನೀವು ಬೇಗ ಬಿಟ್ಟ ಟೇಬಲ್ ಅದೇ ಆ್ಯಪ್ ನೋಡುತ್ತ ಕೂತಿರುವ ಇನ್ನೊಂದು ಕುಟುಂಬಕ್ಕೆ ಸಿಗುತ್ತದೆ. ನಿಮಗೆ ಸಿಗದ ಟೇಬಲ್ಲೂ ಆ ದಿನ ಊಟದ ಹೊತ್ತಿಗೆ ಎರಡು-ಮೂರು ಗಂಟೆ ಇರುವಾಗ ಹಾಗೆಯೇ ಕಾಣಿಸಿಕೊಳ್ಳಬಹುದು.

ಈಗಾಗಲೇ ನಮ್ಮ ಕಾರ್ಡ್ ಮೇಲಿರುವ ಬುಕಿಂಗ್‌ಗಳು ಹಾಗೆಯೇ ಇರುತ್ತವೆ. ಅವುಗಳಲ್ಲಿ ಯಾವುದಾದರೂ ಬೇಡವಾದರೆ, ಆ ದಿನ ಅಲ್ಲಿನ ಬೆಳಗ್ಗೆ 9ರೊಳಗೆ ಸಂದೇಶ ಕಳಿಸಿ. ನಮ್ಮ ಕಚೇರಿ ಆಗ ತೆರೆದಿರುತ್ತದೆ.

ಇಂತು,
ಪ್ರವಾಸ ಬುಕಿಂಗ್ ವಿಭಾಗ